ನಿಮಗಿದು ಗೊತ್ತೇ? ಹಾರ್ಮೋನು ಬದಲಾದರೆ ‘ಮೂಡ್’ ಎಲ್ಲಿಗೆ ಹೋಗುತ್ತೆ?

ಬೆಂಗಳೂರಿನ ಗೋವಿಂದರಾಜನಗರ, ಮಾರುತಿ ಮಂದಿರದ ಆಸುಪಾಸಿನ ಒಂದು ಔಷಧಿ ಅಂಗಡಿ. ಸಂಜೆ ಏಳೂವರೆಯ ರಶ್ಶು. ನನ್ನ ಮುಂದೆ ನಿಂತಿದ್ದಾಕೆ ನೀಟಾಗಿ ಸೀರೆ ಉಟ್ಟು, ಒಂದು ಮೊಳ ಮಲ್ಲಿಗೆ ಮುಡಿದಿದ್ದರು; ದನಿ ಮಾತ್ರ ಕೊಂಚ ಗಡಸು. ಗರ್ಭನಿರೋಧಕ ಮಾತ್ರೆಯ ಹೆಸರು ಹೇಳಿ “ಮೂರು ಸ್ಟ್ರಿಪ್ ಕೊಡಣ್ಣ” ಅಂದರು. ಹುಡುಗ ಚೀಟಿ ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ, ಕಾಗದದ ಕವರಿಗೆ ಹಾಕಿ ಸ್ಟೇಪ್ಲರ್ ಒತ್ತಿದ. ಆಕೆ ಹೋದ ಮೇಲೆ ಪಕ್ಕದವರೊಬ್ಬರು “ಇವರಿಗೆ ಅದ್ಯಾಕ್ರೀ?” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಪ್ರಶ್ನೆ ಒರಟು. ಉತ್ತರ ಮಾತ್ರ ಎಲ್ಲರಿಗೂ ತಿಳಿದಿರಬೇಕಾದ್ದು. ಅಲ್ಲಿಂದಲೇ ಶುರು.

ಆ ಮಾತ್ರೆಯಲ್ಲಿ ಎಥಿನೈಲ್ ಎಸ್ಟ್ರಡಿಯಾಲ್ ಎಂಬ ಕೃತಕ ಎಸ್ಟ್ರೋಜನ್ ಇರುತ್ತದೆ. ಡಾಕ್ಟರ ಬಳಿ ಹೋಗಲು ದುಡ್ಡಿಲ್ಲದೆ, ಹೋದರೂ ಬಾಯಿಬಿಡಲು ಸಂಕೋಚಪಟ್ಟು, ಗೆಳತಿಯರ ಮಾತಿನ ಮೇಲೆ ಇದನ್ನೇ ನುಂಗುವ ಟ್ರಾನ್ಸ್ ಮಹಿಳೆಯರು ನಮ್ಮಲ್ಲಿ ಹಲವರಿದ್ದಾರೆ. ಎದೆ ತುಂಬಿಕೊಳ್ಳಲಿ, ಚರ್ಮ ನುಣುಪಾಗಲಿ ಎಂಬ ಆಸೆ. ಈ ರೂಪದ ಎಸ್ಟ್ರೋಜನ್ ರಕ್ತ ಹೆಪ್ಪುಗಟ್ಟಿಸುವುದರಲ್ಲಿ ಹೆಸರುವಾಸಿ. ಸಿಗರೇಟು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಲಿಂಗಪರಿವರ್ತನೆಗೆ ಇದನ್ನು ಬಳಸಬೇಡಿ ಎಂದು ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ ಬಿಡಿಸಿ ಹೇಳಿದೆ. ಬೇಕಾದದ್ದು 17-ಬೀಟಾ ಎಸ್ಟ್ರಡಿಯಾಲ್, ಜೊತೆಗೆ ಆಗಾಗ ರಕ್ತಪರೀಕ್ಷೆ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ನಾಳೆ ನೋಡೋಣ ಅನ್ನಬಾರದು; ಆಟೊ ಹಿಡಿದು ಆಸ್ಪತ್ರೆಗೆ ಹೋಗಬೇಕು.

ಇನ್ನು ಯಾರೂ ಜೋರಾಗಿ ಕೇಳದ ಪ್ರಶ್ನೆ. ಹಾರ್ಮೋನು ಶುರುವಾದ ಮೇಲೆ ಆಸೆಯ ಗತಿ ಏನು? ಪುಸ್ತಕದ ಮಾತಿನಲ್ಲಿ ಕಾಮಾಸಕ್ತಿ. ನಮ್ಮ ವಠಾರದ ಮಾತಿನಲ್ಲಿ ‘ಮೂಡ್’.

ಈ ಕಥೆಯ ಮೊದಲ ಪಾತ್ರಧಾರಿ ಹುಂಜ ಅಂತ ಗೊತ್ತೇ? 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ತೋಲ್ಡ್ ಎಂಬಾತ ಎಳೆ ಹುಂಜಗಳ ವೃಷಣ ತೆಗೆದ. ಕೆಲವು ಜುಟ್ಟು ಮುದುಡಿ, ಕೂಗು ಮರೆತು, ಜಗಳ ಬಿಟ್ಟು ಸುಮ್ಮನಾದವು. ಇನ್ನು ಕೆಲವಕ್ಕೆ ವೃಷಣವನ್ನು ಹೊಟ್ಟೆಯೊಳಗೆ, ಮೊದಲಿನ ನರದ ಸಂಪರ್ಕ ಇಲ್ಲದೆಯೇ ಕಸಿ ಮಾಡಿದ. ಅವು ಕೆಂಪು ಜುಟ್ಟು ನಿಮಿರಿಸಿ ಎಂದಿನಂತೆ ಕೂಗಿದವು. ನರದಿಂದಲ್ಲದಿದ್ದರೆ ಸುದ್ದಿ ಹೋಗುವುದು ರಕ್ತದ ಮೂಲಕವೇ ಇರಬೇಕು ಎಂಬ ಲೆಕ್ಕ ಅಲ್ಲಿಂದ ಹುಟ್ಟಿತು. ‘ಹಾರ್ಮೋನ್’ ಎಂಬ ಹೆಸರು ಬಂದದ್ದು 1905ರಲ್ಲಿ, ಟೆಸ್ಟೋಸ್ಟೆರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ. ಹೋರಿಯನ್ನು ಎತ್ತು ಮಾಡುವ ನಮ್ಮ ರೈತರಿಗೆ ಇದರ ಅರ್ಧ ಮೊದಲೇ ಗೊತ್ತಿತ್ತು ಅನ್ನಿ.

ಮನುಷ್ಯ ಹುಂಜ ಅಲ್ಲ. ತೊಡಕು ಶುರುವಾಗುವುದು ಇಲ್ಲೇ.

ಟೆಸ್ಟೋಸ್ಟೆರಾನ್ ಗಂಡಿನದು, ಎಸ್ಟ್ರೋಜನ್ ಹೆಣ್ಣಿನದು ಅಂತ ಶಾಲೆಯಲ್ಲಿ ಓದಿದೆವಲ್ಲ? ಹೆಂಗಸರ ರಕ್ತದಲ್ಲಿ, ತಿಂಗಳ ಬಹುಪಾಲು ದಿನ, ತೂಕದ ಲೆಕ್ಕದಲ್ಲಿ ಎಸ್ಟ್ರಡಿಯಾಲ್‌ಗಿಂತ ಟೆಸ್ಟೋಸ್ಟೆರಾನೇ ಹೆಚ್ಚಿರುತ್ತದೆ. ಒಂದನ್ನು ನ್ಯಾನೊಗ್ರಾಂನಲ್ಲಿ, ಇನ್ನೊಂದನ್ನು ಪಿಕೊಗ್ರಾಂನಲ್ಲಿ ಬರೆಯುವುದರಿಂದ ಲ್ಯಾಬ್ ರಿಪೋರ್ಟು ನೋಡಿದವರಿಗೆ ಇದು ತಿಳಿಯುವುದಿಲ್ಲ, ಅಷ್ಟೇ.

ಗಂಡಸರ ಆಸೆಗೂ ಎಸ್ಟ್ರೋಜನ್ ಬೇಕು. 2013ರಲ್ಲಿ ಪ್ರಕಟವಾದ ಬಾಸ್ಟನ್‌ನ ಒಂದು ಅಧ್ಯಯನದಲ್ಲಿ ಪುರುಷರಿಗೆ ಟೆಸ್ಟೋಸ್ಟೆರಾನ್ ಕೊಡುತ್ತಲೇ ಅದು ದೇಹದಲ್ಲಿ ಎಸ್ಟ್ರೋಜನ್ ಆಗಿ ಮಾರ್ಪಡುವುದನ್ನು ಮಾತ್ರ ತಡೆದರು. ಆಸೆ ಕುಗ್ಗಿತು.

ಟ್ರಾನ್ಸ್ ಮಹಿಳೆಯರಲ್ಲಿ ಹಾರ್ಮೋನು ಚಿಕಿತ್ಸೆ ಶುರುವಾಗಿ ಒಂದರಿಂದ ಮೂರು ತಿಂಗಳೊಳಗೆ ಸಾಮಾನ್ಯವಾಗಿ ಮೂಡ್ ಇಳಿಯತೊಡಗುತ್ತದೆ. ಬೆಳಗಿನ ಜಾವದ ತಾನೇತಾನಾದ ನಿಮಿರುವಿಕೆ ಕಡಿಮೆಯಾಗುತ್ತದೆ. ಎದೆ ಬೆಳೆಯಲು ಮೂರರಿಂದ ಆರು ತಿಂಗಳು ಕಾಯಬೇಕು, ಪೂರ್ತಿಯಾಗಲು ಎರಡು ಮೂರು ವರ್ಷ. ಅಂದರೆ ಹೋಗುವುದು ಬೇಗ ಹೋಗುತ್ತದೆ, ಬರುವುದು ನಿಧಾನಕ್ಕೆ ಬರುತ್ತದೆ. ನಡುವಿನ ಆ ಖಾಲಿ ತಿಂಗಳುಗಳಲ್ಲಿ ‘ನನ್ನೊಳಗೆ ಏನೋ ಕೆಟ್ಟುಹೋಯಿತು’ ಅನ್ನಿಸಿದರೆ ಆಶ್ಚರ್ಯವಿಲ್ಲ. ಇದನ್ನು ಮೊದಲೇ ಹೇಳುವ ಡಾಕ್ಟರು ಸಿಕ್ಕವರೇ ಪುಣ್ಯವಂತರು.

ಆದರೆ ಕೆಲವರಿಗೆ ಈ ಇಳಿತವೇ ದೊಡ್ಡ ಬಿಡುಗಡೆ. ಬೇಡದ ದೇಹ ಬೇಡದ ಹೊತ್ತಿನಲ್ಲಿ ಎಬ್ಬಿಸಿ ಕೂರಿಸುತ್ತಿದ್ದ ಕಾಟ ನಿಂತಿತಲ್ಲ ಎಂಬ ನೆಮ್ಮದಿ. ಒಬ್ಬರ ನಷ್ಟ ಇನ್ನೊಬ್ಬರ ಲಾಭ. ಹಾಗಾಗಿ ‘ಆಸೆ ಕಡಿಮೆಯಾಯಿತು’ ಎಂದಾಕ್ಷಣ ಅದನ್ನು ಕಾಯಿಲೆ ಅನ್ನಲಾಗದು. ಅದು ಮನಸ್ಸನ್ನು ಹಿಂಡುತ್ತಿದೆಯೇ ಎಂದು ಕೇಳಬೇಕು.

ಆ ಪ್ರಶ್ನೆಯನ್ನು ಕೇಳಿದವರಿದ್ದಾರೆ. 2014ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ 214 ಟ್ರಾನ್ಸ್ ಮಹಿಳೆಯರು, 138 ಟ್ರಾನ್ಸ್ ಪುರುಷರು ಇದ್ದರು. ಪರಿವರ್ತನೆಯ ನಂತರ ಆಸೆ ಇಳಿಯಿತು ಎಂದ ಟ್ರಾನ್ಸ್ ಮಹಿಳೆಯರು ಶೇ 62.4, ಏರಿತು ಎಂದ ಟ್ರಾನ್ಸ್ ಪುರುಷರು ಶೇ 71. ಆಸೆ ಇಲ್ಲದ್ದಕ್ಕೆ ಕೊರಗು ಕೂಡ ಇದೆ ಎಂದವರು ಟ್ರಾನ್ಸ್ ಮಹಿಳೆಯರಲ್ಲಿ ಸುಮಾರು ಶೇ 22, ಟ್ರಾನ್ಸ್ ಪುರುಷರಲ್ಲಿ ಶೇ 5. ಇಳಿಯಿತು ಎಂದವರ ದೊಡ್ಡ ಪಾಲಿಗೆ ಅದು ಅಂಥ ಕೊರಗಾಗಿರಲಿಲ್ಲ ಎಂದಾಯಿತು.

ನನಗೆ ಹೆಚ್ಚು ಹಿಡಿಸಿದ್ದು 2020ರ ಇನ್ನೊಂದು. ಆಮ್‌ಸ್ಟರ್‌ಡ್ಯಾಮ್, ಗೆಂಟ್ ಮೊದಲಾದ ಊರುಗಳ ಕ್ಲಿನಿಕ್ಕುಗಳು ಸೇರಿ ನಡೆಸಿದ ‘ಎನಿಗಿ’ ಅಧ್ಯಯನ. ಒಂದು ದಿನ ಕೇಳಿ ಬಿಡಲಿಲ್ಲ, ಮೂರು ವರ್ಷ ಬೆನ್ನು ಹತ್ತಿದರು. ಟ್ರಾನ್ಸ್ ಮಹಿಳೆಯರ ಆಸೆ ಮೊದಲ ಮೂರು ತಿಂಗಳಲ್ಲಿ ನೆಲ ಕಚ್ಚಿತು, ಸರಿ. ಮೂರನೇ ವರ್ಷದ ಹೊತ್ತಿಗೆ? ಸಂಗಾತಿಯ ಜೊತೆಗಿನ ಆಸೆ, ಮಾತ್ರೆ ಶುರು ಮಾಡುವ ಮುಂಚೆ ಇದ್ದದ್ದಕ್ಕಿಂತ ಮೇಲಿತ್ತು. ಅಷ್ಟೂ ದಿನ ಎಸ್ಟ್ರೋಜನ್ ನಿಲ್ಲಿಸಿರಲಿಲ್ಲ, ಟೆಸ್ಟೋಸ್ಟೆರಾನ್ ಮರಳಿರಲಿಲ್ಲ. ಟ್ರಾನ್ಸ್ ಪುರುಷರಲ್ಲಿ ಮೊದಲ ತಿಂಗಳುಗಳ ಭರಾಟೆ ಜೋರಿತ್ತು, ಆದರೆ ಹಾಗೇ ಏರುತ್ತ ಹೋಗಲಿಲ್ಲ. ಹಾರ್ಮೋನು ಒಂದೇ ಯಜಮಾನ ಆಗಿದ್ದರೆ ಗೆರೆ ಹೀಗೆ ಬಾಗುತ್ತಿರಲಿಲ್ಲ.

ಹಾಗಾದರೆ ಉಳಿದ ಯಜಮಾನರು ಯಾರು?

ಅಮೆರಿಕದ ಕಿನ್ಸಿ ಸಂಸ್ಥೆಯ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸೆನ್ ಒಂದು ಸರಳ ಮಾದರಿ ಕೊಟ್ಟರು. ಆಸೆಗೆ ಆಕ್ಸಿಲರೇಟರೂ ಇದೆ, ಬ್ರೇಕೂ ಇದೆ. ಎರಡೂ ಬೇರೆ ಬೇರೆ ಪೆಡಲ್. ಮಾಗಡಿ ರಸ್ತೆಯಲ್ಲಿ ಸಂಜೆ ಹೊತ್ತು ಗಾಡಿ ಓಡಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಎಂಜಿನ್ ಎಷ್ಟೇ ದೊಡ್ಡದಿರಲಿ, ಟೋಲ್‌ಗೇಟಿನ ಹತ್ತಿರ ಕಾಲು ಬ್ರೇಕಿನ ಮೇಲೇ.

ಬ್ರೇಕುಗಳ ಪಟ್ಟಿ ನಮ್ಮ ಬಡಾವಣೆಯಲ್ಲಿ ಹೇಗಿದೆ ನೋಡಿ. 20×30 ಸೈಟಿನ ಮೇಲೆ ಮೂರಂತಸ್ತು, ಒಂದಂತಸ್ತಿಗೆ ಎರಡು ಮನೆ, ನಡುವೆ ಅರ್ಧ ಇಟ್ಟಿಗೆಯ ಗೋಡೆ. ಪಕ್ಕದ ಮನೆಯ ಕುಕ್ಕರ್ ಎಷ್ಟು ಸೀಟಿ ಹಾಕಿತು ಎಂಬ ಲೆಕ್ಕ ಇಲ್ಲಿಗೆ ಕೇಳಿಸುತ್ತದೆ; ಇಲ್ಲಿನ ಪಿಸುಮಾತು ಅಲ್ಲಿಗೂ. ಮದುವೆಯಾದ ಮಾಮೂಲಿ ಜೋಡಿಗೇ ಇದು ಫಜೀತಿ. ಇನ್ನು ‘ನೀವು ಯಾರು, ಜೊತೆಯಲ್ಲಿರೋದು ಯಾರು, ಆಧಾರ್‌ನಲ್ಲಿ ಹೆಸರು ಬೇರೆ ಇದೆಯಲ್ಲ’ ಎಂಬ ಮೂರು ಪ್ರಶ್ನೆ ದಾಟಿ, ಅಡ್ವಾನ್ಸ್ ಕೊಟ್ಟು ಒಳಗೆ ಬಂದ ಟ್ರಾನ್ಸ್ ಜೋಡಿ ಚಿಲಕ ಹಾಕಿದ ಮೇಲೂ ಕಿವಿಯನ್ನು ಬಾಗಿಲಲ್ಲೇ ಇಟ್ಟಿರುತ್ತದೆ. ಕಿವಿ ಬಾಗಿಲಲ್ಲಿದ್ದರೆ ದೇಹ ಹಾಸಿಗೆಯಲ್ಲಿ ಇರುವುದಿಲ್ಲ. ಟೆಸ್ಟೋಸ್ಟೆರಾನ್ 40 ಇರಲಿ, 400 ಇರಲಿ.

ಸರ್ಕಾರವೂ ಬ್ರೇಕ್ ಒತ್ತಿದ್ದುಂಟು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಹಿಜ್ರಾ ಸಮುದಾಯದವರ ಹೆಸರು-ವಿಳಾಸದ ಪಟ್ಟಿ ಇಡುವ ಅಧಿಕಾರವನ್ನು ನಗರದ ಪೊಲೀಸ್ ಕಮಿಷನರಿಗೆ ಕೊಡಲಾಯಿತು. ಸಮುದಾಯ ಹೈಕೋರ್ಟಿಗೆ ಹೋಯಿತು, ಆಮೇಲೆ ಆ ಕಲಂ ಬಳಸಿದ್ದ ‘ಯೂನಕ್’ ಎಂಬ ಪದವನ್ನು ಕಾಯ್ದೆಯಿಂದ ತೆಗೆದರು. ನೆರೆಯವರ, ಪೊಲೀಸರ, ಮನೆಯವರ ಕಣ್ಣು ಸದಾ ಬೆನ್ನ ಮೇಲಿದ್ದರೆ ದೇಹ ಸದಾ ಎಚ್ಚರದಲ್ಲಿರುತ್ತದೆ. ಇಲಾನ್ ಮೇಯರ್ 2003ರಲ್ಲಿ ಸಲಿಂಗಿಗಳ ವಿಚಾರವಾಗಿ ವಿವರಿಸಿದ ‘ಅಲ್ಪಸಂಖ್ಯಾತರ ಒತ್ತಡ’ ಎಂಬ ವಿಚಾರವನ್ನು ಈಗ ಟ್ರಾನ್ಸ್ ಜನರ ಆರೋಗ್ಯದ ಚರ್ಚೆಯಲ್ಲೂ ಬಳಸುತ್ತಾರೆ.

ಇದರ ಉಲ್ಟಾ ಕೂಡ ನಿಜ. ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ನೋಡಿದ್ದು: ಕಂಡಕ್ಟರ್ ಚಿಲ್ಲರೆ ಎಣಿಸುತ್ತ ಬಂದವರು ತಲೆಯೆತ್ತದೆಯೇ ಒಬ್ಬ ಟ್ರಾನ್ಸ್ ಮಹಿಳೆಯ ಕೈಗೆ ಪಿಂಕ್ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದರು. ಆಕೆ ಅದನ್ನು ಎರಡು ಸಲ ತಿರುಗಿಸಿ ನೋಡಿ ಪರ್ಸಿನ ಒಳಖಾನೆಯಲ್ಲಿ ಇಟ್ಟುಕೊಂಡರು. 2023ರ ಜೂನ್ 11ರಂದು ಶುರುವಾದ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಹೆಂಗಸರ ಜೊತೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಉಳಿದದ್ದು ಬಸ್ ಚಾರ್ಜು ಮಾತ್ರ ಅಂತ ನನಗನ್ನಿಸಲಿಲ್ಲ.

ಮನಸ್ಸು ಮೊದಲೋ ಹಾರ್ಮೋನು ಮೊದಲೋ? ಮೆಲ್ಬರ್ನ್‌ನಲ್ಲಿ 64 ಟ್ರಾನ್ಸ್ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಟೆಸ್ಟೋಸ್ಟೆರಾನ್ ಕೂಡಲೇ ಕೊಟ್ಟರು, ಇನ್ನೊಂದು ಗುಂಪು ವಾಡಿಕೆಯಂತೆ ಮೂರು ತಿಂಗಳು ಕಾಯಿತು. 2023ರಲ್ಲಿ ಫಲಿತಾಂಶ ಬಂತು. ಕೂಡಲೇ ಪಡೆದವರಲ್ಲಿ ಖಿನ್ನತೆ ಇಳಿಯಿತು, ಸಾಯುವ ಯೋಚನೆಯೂ ಕಡಿಮೆಯಾಯಿತು. ಮೂಡ್ ಬರಲು ಮೊದಲು ಬದುಕುವ ಮನಸ್ಸು ಬರಬೇಕಲ್ಲ.

ಖಿನ್ನತೆಯ ಮಾತ್ರೆಗಳೇ ಕೆಲವೊಮ್ಮೆ ಕಳ್ಳ. ಸರ್ಟ್ರಲೀನ್, ಫ್ಲುಯೊಕ್ಸೆಟಿನ್ ಜಾತಿಯವು ಆಸೆಯನ್ನು ತಗ್ಗಿಸುತ್ತವೆ, ಸುಖದ ತುದಿ ಮುಟ್ಟುವುದನ್ನು ತಡಮಾಡುತ್ತವೆ. ದೂರು ಹಾರ್ಮೋನಿನ ತಲೆಗೆ ಬೀಳುತ್ತದೆ. ಹಾಗಂತ ಮಾತ್ರೆಯನ್ನು ತಟ್ಟನೆ ನಿಲ್ಲಿಸುವಂತಿಲ್ಲ. ಬದಲಿ ಇದೆಯೇ ಎಂದು ಬರೆದುಕೊಟ್ಟವರನ್ನೇ ಕೇಳಬೇಕು. ಥೈರಾಯ್ಡ್, ಸಕ್ಕರೆ, ರಕ್ತಹೀನತೆ, ನಿದ್ದೆಗೇಡು ಕೂಡ ಇದೇ ಸಾಲಿನವು. ಕೂದಲು ಉದುರುವುದಕ್ಕೆ ಟ್ರಾನ್ಸ್ ಪುರುಷರು ನುಂಗುವ ಫಿನಾಸ್ಟರೈಡ್ ಸಹ.

ಎಳನೀರಿಗೂ ಇದಕ್ಕೂ ಏನು ಸಂಬಂಧ? ಟೆಸ್ಟೋಸ್ಟೆರಾನಿನ ಕೆಲಸ ತಡೆಯಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮೂಲತಃ ಬಿಪಿ, ಹೃದಯದ ತೊಂದರೆಗಳಿಗೆ ಕೊಡುತ್ತಿದ್ದ ಮೂತ್ರವರ್ಧಕ. ಅದು ದೇಹದಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತದೆ. ಎಳನೀರಿನಲ್ಲಿ 100 ಮಿಲಿಗೆ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ. ಕಿಡ್ನಿ ಸರಿಯಿರುವ ಹರೆಯದವರಿಗೆ ಒಂದು ಎಳನೀರಿನಿಂದ ಪ್ರಳಯವೇನೂ ಆಗದು. ಆದರೆ ಬಿಸಿಲಿಗೆ ದಿನಕ್ಕೆ ಮೂರು ಕುಡಿಯುವ ರೂಢಿ ಇದ್ದರೆ ಡಾಕ್ಟರಿಗೆ ಹೇಳಿ. ಇನ್ನೊಂದು ಸೂಕ್ಷ್ಮ: ಈ ಔಷಧಿ ಟೆಸ್ಟೋಸ್ಟೆರಾನಿಗೆ ಬೀಗದ ಕೈ ಹಾಕಲು ಜಾಗವೇ ಸಿಗದಂತೆ ಮಾಡುತ್ತದೆ. ರಿಪೋರ್ಟಿನಲ್ಲಿ ಸಂಖ್ಯೆ ದೊಡ್ಡದೇ ಇದ್ದು, ಮೂಡ್ ಮಾತ್ರ ನಾಪತ್ತೆ ಆಗಬಹುದು.

ಅದರ ಸೋದರ ಸೈಪ್ರೊಟೆರಾನ್ ಪ್ರೊಲ್ಯಾಕ್ಟಿನ್ ಏರಿಸಬಲ್ಲದು, ಮನಸ್ಸನ್ನು ಮಂಕು ಮಾಡಬಲ್ಲದು. ಹೆಚ್ಚು ಡೋಸಿನಲ್ಲಿ ವರ್ಷಗಟ್ಟಲೆ ತೆಗೆದುಕೊಂಡರೆ ಮಿದುಳಿನ ಪೊರೆಯಲ್ಲಿ ಗಡ್ಡೆಯ ಅಪಾಯವೂ ಇದೆ. ದಿನಕ್ಕೆ 10 ಮಿಲಿಗ್ರಾಂ ಸಾಕು ಎನ್ನುವುದು ಈಗಿನ ಲೆಕ್ಕ.

ಪ್ರೊಜೆಸ್ಟರಾನ್ ಹಾಕಿಕೊಂಡರೆ ಮೂಡ್ ಮರಳುತ್ತದೆ ಎಂಬ ಮಾತು ಬಾಯಿಂದ ಬಾಯಿಗೆ ಓಡಾಡುತ್ತಿದೆ. ಗಟ್ಟಿ ಪುರಾವೆ ಇಲ್ಲ.

ನಿರ್ವಾಣದ ಮಾತಿಗೆ ಬರೋಣ. ಹಿಜ್ರಾ ಪರಂಪರೆಯಲ್ಲಿ ಗಂಡು ಅಂಗ ತೆಗೆಸಿಕೊಳ್ಳುವುದಕ್ಕೆ ಹೀಗೆನ್ನುತ್ತಾರೆ. ನಿರ್ವಾಣ ಆದವರಿಗೆ ಆಸೆಯೇ ಇರುವುದಿಲ್ಲ ಎಂದು ಊರೆಲ್ಲ ನಂಬುತ್ತದೆ. ನಂಬಲಿ ಅಂತ ಕೆಲವು ಹಿರಿಯರೂ ಸುಮ್ಮನಿರುತ್ತಾರೆ, ಗೌರವ ಅದರಲ್ಲಿದೆ. ಬೆಂಗಳೂರಿನ ಸಂಗಮ ಸಂಸ್ಥೆಯಲ್ಲಿ ಕೆಲಸ ಮಾಡಿದ ಎ. ರೇವತಿ ತಮ್ಮ ಆತ್ಮಕಥನದಲ್ಲಿ ನಿರ್ವಾಣವನ್ನೂ ಪ್ರೀತಿ-ಕಾಮದ ಹಂಬಲವನ್ನೂ ಮುಚ್ಚುಮರೆಯಿಲ್ಲದೆ ಬರೆದರು, ದು. ಸರಸ್ವತಿ ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ವೈದ್ಯಕೀಯವೂ ಅದನ್ನೇ ಹೇಳುತ್ತದೆ: ವೃಷಣ ಹೋದರೂ ಅಡ್ರಿನಲ್ ಗ್ರಂಥಿ ಚೂರುಪಾರು ಒದಗಿಸುತ್ತಿರುತ್ತದೆ, ಆಸೆ ಮಂಕಾಗಬಹುದು, ಬೇರೆ ರೂಪ ತಾಳಬಹುದು, ಸಾಯಲೇಬೇಕೆಂದಿಲ್ಲ. ಅಪಾಯ ಬೇರೆಡೆ ಇದೆ. ನಿರ್ವಾಣ ಮಾಡಿಸಿಕೊಂಡು ಎಸ್ಟ್ರೋಜನ್ನೂ ತೆಗೆದುಕೊಳ್ಳದಿದ್ದರೆ ದೇಹದಲ್ಲಿ ಎರಡೂ ಹೆಚ್ಚುಕಡಿಮೆ ಇಲ್ಲ. ಮುಟ್ಟು ನಿಂತ ಹೆಂಗಸರಿಗೆ ಬರುವ ಬಿಸಿ ಝಳ, ಸುಸ್ತು, ನಿದ್ದೆಗೇಡು ಇಪ್ಪತ್ತೈದಕ್ಕೇ ಬರುತ್ತದೆ. ಮೂಳೆ ಸದ್ದಿಲ್ಲದೆ ಸವೆಯುತ್ತದೆ.

ಜೋಗಪ್ಪಗಳ ದಾರಿ ಬೇರೆ. ಸವದತ್ತಿಯ ಎಲ್ಲಮ್ಮ, ಹುಲಿಗಿಯ ಹುಲಿಗೆಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ದೇವಿಗೆ ಮುಡಿಪಾದವರಿಗೆ ನಿರ್ವಾಣದ ಕಟ್ಟಳೆ ಇಲ್ಲ. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದ, 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ ಈ ಪರಂಪರೆಯವರು. ಸೀರೆ ದೇವಿಯದು, ರಕ್ತದೊಳಗಿನ ರಸ ಹುಟ್ಟಿನಿಂದ ಬಂದದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಪರಿಸ್ಥಿತಿಯಲ್ಲಿ ಅನೇಕರು ಆಯುಷ್ಯ ಕಳೆಯುತ್ತಾರೆ, ಮತ್ತು ಅದರ ಬಗ್ಗೆ ಯಾರೂ ಅವರನ್ನು ಕೇಳುವುದಿಲ್ಲ.

ಟ್ರಾನ್ಸ್ ಪುರುಷರ ಕಥೆ ನಮ್ಮಲ್ಲಿ ಇನ್ನೂ ಮಸುಕು, ಅದಕ್ಕೇ ನಾಲ್ಕು ಮಾತು ಜಾಸ್ತಿ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಶುರುವಾದ ಕೆಲವೇ ವಾರದಲ್ಲಿ ಹದಿನಾರರ ಹುಡುಗನ ಪಾಡು. ಬಸ್ಸಿನಲ್ಲಿ, ಆಫೀಸಿನಲ್ಲಿ, ಹೊತ್ತಿಲ್ಲ ಗೊತ್ತಿಲ್ಲ. ಮೂವತ್ತು ದಾಟಿದವರಿಗೆ ಇದು ನಗು, ನಾಚಿಕೆ ಎರಡೂ. ಎರಡು-ಮೂರು ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವವರಿಗೆ ಮೊದಲ ದಿನಗಳಲ್ಲಿ ಏರು, ಮುಂದಿನ ಡೋಸು ಹತ್ತಿರವಾದಂತೆ ಇಳಿಜಾರು: ಸುಸ್ತು, ಸಿಡುಕು, ಮೂಡ್ ಮಾಯ. ಜೊತೆಗಾರರಿಗೆ ಕ್ಯಾಲೆಂಡರ್ ನೋಡದೆಯೇ ತಾರೀಖು ಗೊತ್ತಾಗುತ್ತದೆ. ಚಿಕ್ಕ ಡೋಸನ್ನು ವಾರಕ್ಕೊಮ್ಮೆ ಕೊಟ್ಟರೆ ಈ ಉಯ್ಯಾಲೆ ತಗ್ಗುತ್ತದೆ.

ಆಸೆ ಏರುವ ಹೊತ್ತಿಗೇ ಯೋನಿಯ ಒಳಪೊರೆ ತೆಳುವಾಗಿ ಒಣಗುತ್ತದೆ, ನೋವಾಗುತ್ತದೆ. ಜೆಲ್ ಅಥವಾ ಅಲ್ಲಿಗಷ್ಟೇ ಹಚ್ಚುವ ಎಸ್ಟ್ರೋಜನ್ ಕ್ರೀಮು ಇದಕ್ಕೆ ಪರಿಹಾರ. ಅದರಿಂದ ಗಡ್ಡ ಉದುರುವುದಿಲ್ಲ, ದನಿ ಹಿಂದಕ್ಕೆ ಹೋಗುವುದಿಲ್ಲ. ‘ಎಸ್ಟ್ರೋಜನ್’ ಎಂಬ ಹೆಸರು ಕೇಳಿಯೇ ಬೇಡ ಅಂದರೆ ಸುಮ್ಮನೆ ಹಲ್ಲು ಕಚ್ಚಿ ಸಹಿಸಬೇಕಾಗುತ್ತದೆ.

ಮುಟ್ಟು ನಿಂತಿದೆ ಎಂದರೆ ಬಸಿರು ನಿಲ್ಲದು ಎಂದಲ್ಲ! ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ. ಟ್ರಾನ್ಸ್ ಮಹಿಳೆಯರ ಎಸ್ಟ್ರೋಜನ್ನೂ ಅಷ್ಟೇ, ಅದನ್ನು ನಂಬಿ ಕಾಂಡೋಮ್ ಬಿಡುವಂತಿಲ್ಲ.

ದೀಪ ಆರಿಸಿದರೆ ಮಾತ್ರ ಸಾಧ್ಯ ಎನ್ನುವವರು ಅನೇಕರು. ತನ್ನದೇ ಎದೆ ತನ್ನ ಕಣ್ಣಿಗೆ ಬೀಳಬಾರದು, ಸಂಗಾತಿಯ ಕೈ ಅಲ್ಲಿಗೆ ಹೋಗಬಾರದು. ಅಂಗಗಳಿಗೆ ಇಬ್ಬರೇ ಇಟ್ಟುಕೊಂಡ ಬೇರೆ ಹೆಸರು, ‘ಇಲ್ಲಿ ಮುಟ್ಟು, ಅಲ್ಲಿ ಬೇಡ’ ಎಂಬ ಮುಂಚಿನ ಮಾತು: ಆಪ್ತ ಸಮಾಲೋಚಕರು ಹೇಳಿಕೊಡುವುದು ಇಂಥವನ್ನೇ. ಕೆನಡಾದ ವೈದ್ಯೆ ರೋಸ್‌ಮೆರಿ ಬೇಸನ್ 2000ದಲ್ಲಿ ಹೆಂಗಸರ ಬಗ್ಗೆ ಒಂದು ಮಾತು ಹೇಳಿದ್ದರು. ಆಸೆ ಮೊದಲು ಬಂದು ಆಮೇಲೆ ಅಪ್ಪುಗೆ ಎಂಬುದು ಎಲ್ಲರ ಕ್ರಮವಲ್ಲ; ಅಪ್ಪುಗೆಯ ನಂತರ ಆಸೆ ಹುಟ್ಟುವುದೂ ಉಂಟು. ಎಸ್ಟ್ರೋಜನ್ ಶುರು ಮಾಡಿದ ಮೇಲೆ ತಮ್ಮದೂ ಹಾಗೇ ಆಗಿದೆ, ಒಂದು ಕಡೆ ಧಗ್ಗನೆ ಹೊತ್ತುತ್ತಿದ್ದದ್ದು ಈಗ ಮೈಯೆಲ್ಲ ನಿಧಾನಕ್ಕೆ ಬಿಸಿಯೇರುತ್ತದೆ ಎಂದು ಹೇಳುವ ಟ್ರಾನ್ಸ್ ಮಹಿಳೆಯರಿದ್ದಾರೆ. ಹಳೆಯ ಗುರುತಿನಲ್ಲಿ ಹುಡುಕುವವರಿಗೆ ಅದು ಸಿಗುವುದಿಲ್ಲ.

ಸರಸರನೆ ಮೂರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11, 2022ರ ಜನವರಿ 1ರಿಂದ ಜಾರಿ. ಅದರಲ್ಲಿ ಟ್ರಾನ್ಸ್ ಜನರ ವಿಷಯ ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿಲ್ಲ, ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿದೆ. ಟ್ರಾನ್ಸ್ ಜನರ ಹಕ್ಕುಗಳ ರಕ್ಷಣೆಗೆಂದು ಬಂದ 2019ರ ಕೇಂದ್ರ ಕಾಯ್ದೆಯ 15ನೇ ಕಲಂ ಹಾರ್ಮೋನು ಚಿಕಿತ್ಸೆಯ ಜೊತೆಗೆ ಅದರ ಹಿಂದು-ಮುಂದಿನ ಆಪ್ತ ಸಮಾಲೋಚನೆಯನ್ನೂ ಸರ್ಕಾರದ ಹೊಣೆ ಎಂದಿತು. ರಾತ್ರಿ ಎರಡು ಗಂಟೆಗೆ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ 14416. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದು, ಪರೀಕ್ಷೆಗೆ ರಕ್ತ ಕೊಡಲು ಹೋದಾಗಿನದು. ಎಸ್ಟ್ರೋಜನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯ ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 50 ನ್ಯಾನೊಗ್ರಾಂಗಿಂತ ಕೆಳಗಿರಲಿ ಎಂಬುದು ಡಾಕ್ಟರ ಗುರಿ. ಲ್ಯಾಬಿನ ಫಾರಂನಲ್ಲಿ ಆಧಾರ್ ನೋಡಿ ‘ಪುರುಷ’ ಎಂದು ಬರೆದಿದ್ದರೆ ಕಂಪ್ಯೂಟರು ಗಂಡಸರ ಅಳತೆಗೋಲು ಹಿಡಿಯುತ್ತದೆ, 300ರಿಂದ 1000. ರಿಪೋರ್ಟು ಕೈಗೆ ಬರುತ್ತದೆ. 38. ಪಕ್ಕದಲ್ಲಿ ಕೆಳಮುಖದ ಕೆಂಪು ಬಾಣ, ಕೆಳಗೆ ‘ತಕ್ಷಣ ವೈದ್ಯರನ್ನು ಕಾಣಿ’. ಡಾಕ್ಟರು ಕನ್ನಡಕ ಏರಿಸಿ ನೋಡುತ್ತಾರೆ, ಪೆನ್ನಿನಿಂದ ಬಾಣದ ಮೇಲೆ ಒಂದು ಗೀಟು ಎಳೆಯುತ್ತಾರೆ, “ಕರೆಕ್ಟಾಗಿದೆಯಲ್ಲಮ್ಮ” ಅನ್ನುತ್ತಾರೆ. ಆಮೇಲೆ ಪೆನ್ನು ಕೆಳಗಿಟ್ಟು, “ಮನೇಲಿ ಹೇಗಿದೆ?” ಎಂದು ಕೇಳುತ್ತಾರೆ.